ಗುಲಾಬಿ ನೀರು

ಬೀಜ ನೆನೆಹಾಕಿದ ಬೋಗುಣಿಯಲ್ಲಿ ನೀರು ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ನಾನು ನೋಡಿದ್ದೆ. ಚೆಲ್ಲಿ ಮತ್ತೆ ನೀರು ಹಾಕಿದೆ. ಬಣ್ಣ ತೆಳುವಾಯಿತು. ನಾಲ್ಕನೇ ಸಲಕ್ಕೆ ತಿಳಿಯಾಗಿ ನಿಂತಿತು. "ಹೋತು ಬಿಡು" ಎಂದು ನನಗೆ ನಾನೇ ಹೇಳಿಕೊಂಡು ಬೀಜ ಬಸಿದೆ. ಮೂರು ವರ್ಷವಾಯಿತು, ಆ ಬೋಗುಣಿ ಇನ್ನೂ ಕಣ್ಣ ಮುಂದಿನಿಂದ ಸರಿದಿಲ್ಲ.

ನಮ್ಮದು ನವಲಗುಂದ ತಾಲೂಕಿನ ಎರಿ ಸೀಮೆ. ಬೋರು ಕೊರೆದರೆ ಸವಳು ನೀರು, ಕುಡಿಯಲು ಕೆರೆಯೇ ಗತಿ. ಕೆರೆ ತುಂಬಬೇಕಾದರೆ ಮಲಪ್ರಭಾ ಕಾಲುವೆಗೆ ನೀರು ಬರಬೇಕು. ಆದರೂ ಹಿಂಗಾರಿ ಹದವಾಗಿ ಬಂತೆಂದರೆ ಎಳೆ ತಪ್ಪಲಿಗೆ ಇಲ್ಲಿ ಬರವಿಲ್ಲ. ಸಾಲು ತೆಳುವು ಮಾಡುವಾಗ ಕಿತ್ತ ಕುಸುಬಿ ಸಸಿ, ಹಕ್ಕರಕಿ, ಮೆಂತೆ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲ, ಎಲ್ಲವನ್ನೂ ರೊಟ್ಟಿ ಮತ್ತು ಕೆಂಪು ಚಟ್ನಿಯ ಜೋಡಿ ಹಸಿಯಾಗಿಯೇ ತಿಂದು ಬೆಳೆದವರು ನಾವು. ಕಡ್ಲಿಯ ಮಾತೇ ಬೇರೆ. ಬಿತ್ತಿ ತಿಂಗಳು ದಾಟಿದ ಮೇಲೆ ಕುಡಿ ಚಿವುಟಬೇಕು. ಚಿವುಟಿದಷ್ಟೂ ಟಿಸಿಲೊಡೆಯುತ್ತದೆ, ಕಾಯಿ ಹೆಚ್ಚುತ್ತದೆ, ಮನೆಗೆ ಪಲ್ಯವೂ ಆಗುತ್ತದೆ. ಎಲೆಯ ಮೈಮೇಲಿನ ಸಣ್ಣ ಕೂದಲಿನಿಂದ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ ಜಿನುಗುತ್ತಿರುತ್ತದೆ. ಇಬ್ಬನಿಯಲ್ಲಿ ಚಿವುಟಲು ಹೋದರೆ ಬೆರಳ ತುದಿ ಚುರುಗುಟ್ಟುತ್ತದೆ, ಬಿರುಕಿದ್ದರೆ ಉರಿ. ನಸುಕಿನಲ್ಲಿ ಬಿಳಿ ಅರಿವೆಯನ್ನು ಬೆಳೆಯ ಮೇಲೆ ಹಾಸಿ, ಹಿಂಡಿ, ಆ ಹುಳಿಯನ್ನು ಶೀಶೆಯಲ್ಲಿ ತುಂಬಿ ಹೊಟ್ಟೆನೋವಿಗೆಂದು ಇಡುತ್ತಿದ್ದರು ಹಿಂದಿನವರು. ಅಣ್ಣಿಗೇರಿ-1 ಎಂಬ ಕಡ್ಲಿ ತಳಿಗೆ ಹೆಸರು ಕೊಟ್ಟ ಸೀಮೆ ಇದು. ಎಳೆ ಸೊಪ್ಪಿನಲ್ಲಿ ಕಸುವೂ ಇದೆ, ಉರಿಯೂ ಇದೆ ಎಂಬುದು ನನ್ನ ಬೆರಳುಗಳಿಗೇ ಗೊತ್ತಿತ್ತು.

ಹಾಗಿದ್ದೂ ಮೊಬೈಲಿನಲ್ಲಿ ಕಂಡ ಮೈಕ್ರೋಗ್ರೀನ್ಸ್‌ಗೆ ಮನಸೋತೆ. ಹತ್ತು ದಿನದ ಸಸಿಯನ್ನು ಕತ್ತರಿಯಿಂದ ಕತ್ತರಿಸಿ ತಾಟಿಗೆ ಉದುರಿಸುವುದು, ಉಳಿದದ್ದನ್ನು ಅರೆದು ಮುಖಕ್ಕೆ ಹಚ್ಚುವುದು. ಓದಿಯೂ ಇದ್ದೆ, ಅದೇ ನನ್ನ ತಪ್ಪಿನ ಬೇರು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಮತ್ತು ಅಲ್ಲಿನ ಕೃಷಿ ಇಲಾಖೆಯವರು 2012ರಲ್ಲಿ 25 ಬಗೆಯ ಮೈಕ್ರೋಗ್ರೀನ್ಸ್ ಪರೀಕ್ಷಿಸಿ, ಬಲಿತ ಎಲೆಗಿಂತ ಅವುಗಳಲ್ಲಿ ಜೀವಸತ್ವ ಎಷ್ಟೋ ಪಟ್ಟು ಹೆಚ್ಚೆಂದು ಹೇಳಿದ್ದರು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪಾಲ್ ತಲಾಲೆ ಅವರ ತಂಡ 2007ರಲ್ಲಿ ಬ್ರೊಕೊಲಿ ಮೊಳಕೆಯ ಸಾರವನ್ನು ಚರ್ಮಕ್ಕೆ ಹಚ್ಚಿ, ಅತಿನೇರಳೆ ಕಿರಣದಿಂದ ಬರುವ ಕೆಂಪು ಕಡಿಮೆಯಾಗುವುದನ್ನು ತೋರಿಸಿತ್ತು. ಆ ಪರೀಕ್ಷೆ ನಡೆದದ್ದು ಆರೇ ಜನರ ಮೇಲೆ. ಹಚ್ಚಿದ್ದು ಪ್ರಯೋಗಶಾಲೆಯಲ್ಲಿ ಅಳತೆ ಮಾಡಿ ತೆಗೆದ ಸಾರ. ಈ ಎರಡು ಸಾಲು ನನಗೆ ಬೇಡವಾಗಿದ್ದವು, ಕಣ್ಣು ಹಾರಿಸಿದೆ.

ಎಳ್ಳಮಾಸಿ ಹಬ್ಬಕ್ಕೆ ತಂಗಿಯ ಮಗಳು ಬರುವವಳಿದ್ದಳು, ಐದು ತಿಂಗಳ ಬಸುರಿ. ಕೆನ್ನೆಯ ಮೇಲೆ ಬಂಗು ಎದ್ದಿತ್ತು. "ದೊಡ್ಡವ್ವಾ, ಏನರ ಹೇಳ, ಕನ್ನಡಿ ನೋಡಾಕ ಮನಸ್ಸಾಗವಲ್ದು" ಎಂದು ಫೋನಿನಲ್ಲಿ ಅತ್ತಿದ್ದಳು. ಬಸಿರಿನಲ್ಲಿ ಹಾರ್ಮೋನಿನಿಂದ, ಬಿಸಿಲಿನಿಂದ ಬರುವ ಬಂಗು ಹೆರಿಗೆಯಾದ ಮೇಲೆ ಬಹುಮಟ್ಟಿಗೆ ತಾನೇ ತಿಳಿಯಾಗುತ್ತದೆ. ಸೆರಗು ಮರೆ ಮಾಡಿಕೊಂಡು ಬಿಸಿಲಿಗೆ ಹೋಗು ಎಂದಿದ್ದರೆ ಸಾಕಿತ್ತು. ಆದರೆ ಅವಳ ಕಣ್ಣಲ್ಲಿ ನಾನು ತಿಳಿದವಳಾಗಬೇಕಿತ್ತು.

ಮಿಠಾಯಿ ಡಬ್ಬಿಯ ಮುಚ್ಚಳಗಳಲ್ಲಿ ತೆಂಗಿನ ನಾರಿನ ಪುಡಿ ಹರವಿ ಒಂದರಲ್ಲಿ ಸಾಸಿವೆ ಹಾಕಿದೆ. ಇನ್ನೊಂದಕ್ಕೆ ಸೂರ್ಯಪಾನ, ಅಂದರೆ ಸೂರ್ಯಕಾಂತಿ, ಬೇಕಿತ್ತು. ಬಿತ್ತಿ ಉಳಿದಿದ್ದ ಅರ್ಧ ಪಾಕೀಟು ಜಂತಿಗೆ ಸಿಗಿಸಿದಂತೆಯೇ ಇತ್ತು. ಬಣ್ಣ ಬಳಿದ ಬೀಜ. ಆಹಾರಕ್ಕೆ, ಮೇವಿಗೆ, ಎಣ್ಣೆಗೆ ಬಳಸಬಾರದೆಂದು ಚೀಟಿಯ ಮೇಲೆ ಅಚ್ಚಾಗಿತ್ತು. ಬೀಜಕ್ಕೆ ಬಣ್ಣ ಹಾಕುವುದೇ ಯಾರೂ ಬಾಯಿಗೆ ಹಾಕಿಕೊಳ್ಳದಿರಲಿ ಎಂದು. ನಾನು ಆ ಬಣ್ಣವನ್ನೇ ತೊಳೆದೆ. ಬೀಜೋಪಚಾರಕ್ಕೆ ಬಳಸುವ ಎಷ್ಟೋ ಔಷಧ ಬೇರಿನಿಂದ ಹೀರಿ ಎಲೆಗೇರುತ್ತದೆ. ಎಳೆ ಸಸಿಯ ರಸ ಹೀರುವ ಹುಳ ಸಾಯಲಿ ಎಂದೇ ಅದನ್ನು ಹಾಗೆ ಮಾಡಿರುತ್ತಾರೆ. ನೀರು ತಿಳಿಯಾದ ಮಾತ್ರಕ್ಕೆ ಎಲೆ ತಿಳಿಯಾಗುವುದಿಲ್ಲ. ರೈತರ ಮನೆಯವಳಿಗೆ ಇದು ಗೊತ್ತಿರಲಿಲ್ಲವೆಂದರೆ ಸುಳ್ಳಾಗುತ್ತದೆ.

ಹಬ್ಬದ ಹಿಂದಿನ ದಿನ ಸಾಸಿವೆ ಸಸಿ ಅರೆದು ಅವಳ ಕೆನ್ನೆಗೆ ಹಚ್ಚಿದೆ. ಬ್ರೊಕೊಲಿ ಸಿಗದು, ಸಾಸಿವೆಯೂ ಅದೇ ಕುಲದ್ದು ಎಂಬುದು ನನ್ನ ಲೆಕ್ಕ. ಸಾಸಿವೆಯ ಖಾರ ಹುಟ್ಟುವುದೇ ಅರೆದಾಗ. ಜೀವಕೋಶದಲ್ಲಿ ಬೇರೆ ಬೇರೆ ಇದ್ದ ಎರಡು ವಸ್ತು ಆಗ ಕೂಡುತ್ತವೆ. ಎರಡು ನಿಮಿಷವಾಗಿರಲಿಲ್ಲ, "ಉರೀತೈತಿ ದೊಡ್ಡವ್ವಾ" ಎಂದಳು. "ಹತ್ತಾಕತ್ತೈತಿ ಅಂದ್ರ ಕೆಲಸ ಮಾಡಾಕತ್ತೈತಿ, ತಡಿ" ಎಂದೆ. ತೊಳೆದಾಗ ಕೆನ್ನೆ ಕೆಂಡದಂತಾಗಿತ್ತು. ಸುಟ್ಟ ಚರ್ಮ ಕಪ್ಪೇರುತ್ತದೆ. ಬಂಗಿನ ಮೇಲೆ ಇನ್ನೊಂದು ಕಲೆ ಕೂತಿತು. ಅವಳು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಮರುದಿನದ್ದು ತಪ್ಪುತ್ತಿತ್ತೇನೋ.

ಎಳ್ಳಮಾಸಿಯ ಬುತ್ತಿಯನ್ನು ಈಗ ನೆನೆದರೆ ನಮ್ಮ ಹಿರಿಯ ಹೆಂಗಸರ ಎಚ್ಚರ ಕಾಣುತ್ತದೆ. ಎಳ್ಳು ಹಚ್ಚಿದ ಖಡಕ್ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ, ಅಗಸಿ ಚಟ್ನಿ, ಹುಳಿಯಾದ ಪುಂಡಿ ಪಲ್ಯ: ನಸುಕಿನಲ್ಲಿ ಕಟ್ಟಿ, ಹೊಲದಲ್ಲಿ ಚರಗ ಚೆಲ್ಲಿ, ಮಧ್ಯಾಹ್ನ ಬಿಚ್ಚಿದರೂ ಕೆಡದ ಒಣ ಪದಾರ್ಥ, ಹುಳಿ ಪದಾರ್ಥ. ಬೇಯಿಸಿದ ಅಡುಗೆಯನ್ನು ಎರಡು ತಾಸಿಗಿಂತ ಹೆಚ್ಚು ಹೊರಗಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಬುತ್ತಿಯೊಳಗೆ ನಾನು ಕಾಯಿಸದ ಕೆರೆ ನೀರಿನಲ್ಲಿ ಬೆಳೆದ ಸೂರ್ಯಪಾನದ ಹಸಿ ಸಸಿಯ ಡಬ್ಬಿ ಇಟ್ಟೆ. ಬೀಜ ಮೊಳೆಯಲು ಬೇಕಾದ ತೇವ, ಬಿಸುಪು ರೋಗಾಣುವಿಗೂ ಹಿತ. 2011ರಲ್ಲಿ ಜರ್ಮನಿಯಲ್ಲಿ ಸುಮಾರು 4,000 ಜನ ಹಾಸಿಗೆ ಹಿಡಿದು 50ಕ್ಕೂ ಹೆಚ್ಚು ಜನ ತೀರಿಹೋದದ್ದು ಮೊಳಕೆಯಿಂದ. ತನಿಖೆ ಬೊಟ್ಟು ಮಾಡಿದ್ದು ಮೆಂತೆ ಬೀಜದ ಕಡೆಗೆ. ನಮ್ಮ ಅಡುಗೆಮನೆಯ ಅದೇ ಮೆಂತೆ. ಬಸುರಿಯರು ಹಸಿ ಮೊಳಕೆ ತಿನ್ನಬಾರದೆಂದು ವೈದ್ಯರು ಹೇಳುವುದು ಇದಕ್ಕೇ.

ನಮ್ಮ ಅತ್ತಿಯವರದು ಒಂದು ಪದ್ಧತಿ. ಯಾರ ಹೊಲದ ತಪ್ಪಲೇ ಇರಲಿ, ಕೈ ಹಚ್ಚುವ ಮೊದಲು "ಎಣ್ಣಿ ಹೊಡದಾರೇನು?" ಎಂದು ಕೇಳುತ್ತಾರೆ. ಎಣ್ಣಿ ಎಂದರೆ ನಮ್ಮಲ್ಲಿ ಕೀಟನಾಶಕ. ನಮ್ಮ ಹೊಲದಲ್ಲೂ ಕಡ್ಲಿಯ ಬದುವಿನ ನಾಲ್ಕು ಸಾಲಿಗೆ ಎಣ್ಣಿ ಹೊಡೆಯಲು ಬಿಡುವುದಿಲ್ಲ. ಅದು ತಿನ್ನುವ ಸಾಲು. ಅಂದು ಡಬ್ಬಿ ಬಿಚ್ಚಿದಾಗ ಒಂದು ಸಸಿ ಎತ್ತಿ ಬೆಳಕಿಗೆ ಹಿಡಿದರು.

"ಬೀಜ ಎಲ್ಲಿದವಾ ಯವ್ವಾ?"

"ಕಿರಾಣಿ ಅಂಗಡಿಯಿಂದ ತಂದೇನ್ರಿ ಅತ್ತಿ."

ಅವರು ನಂಬಿದರು. ಬಸುರಿಯ ತಾಟಿಗೆ ತಮ್ಮ ಕೈಯಾರೆ ಹಾಕಿದರು. ನಾನು ನೋಡುತ್ತ ಕುಳಿತೆ.

ಯಾರಿಗೂ ಏನೂ ಆಗಲಿಲ್ಲ. ಏಪ್ರಿಲ್‌ನಲ್ಲಿ ಹೆರಿಗೆ ಸುಸೂತ್ರವಾಯಿತು, ಗಂಡು ಮಗು. 'ಏನೂ ಆಗಲಿಲ್ಲ' ಎಂಬ ಮಾತನ್ನೇ ಮೂರು ವರ್ಷ ನಾನು ಹೊದ್ದುಕೊಂಡೆ. ಈಗ ಮನೆಯಲ್ಲಿ ಮೊಳಕೆ ಬರಿಸುವುದು ಅಡುಗೆ ಡಬ್ಬಿಯ ಹೆಸರುಕಾಳಿನಿಂದ, ಬೇಯಿಸಿ ಉಸುಳಿ ಮಾಡುತ್ತೇನೆ. ಮುಖಕ್ಕೆ ಕಡ್ಲಿಹಿಟ್ಟು, ಮೊಸರು, ಅದನ್ನೂ ಮೊದಲು ಮೊಣಕೈಗೆ ಹಚ್ಚಿ ಒಂದು ದಿನ ಕಾದು. ಇಷ್ಟೆಲ್ಲ ತಿದ್ದಿಕೊಂಡವಳು ಹೇಳುವುದೊಂದನ್ನು ಮಾತ್ರ ಮುಂದೂಡುತ್ತ ಬಂದೆ.

ಈ ಸಲ ಎಳ್ಳಮಾಸಿಗೆ ಅವಳು ಮಗನನ್ನು ಕರೆದುಕೊಂಡು ಬಂದಿದ್ದಳು. ಊಟವಾದ ಮೇಲೆ ತಿನ್ನುವ ಸಾಲಿನ ಬದುವಿನಲ್ಲಿ ಕುಳಿತು ಕಡ್ಲಿಗಾಯಿ ಸುಲಿಯುತ್ತ ಎಲ್ಲ ಹೇಳಿದೆ. ಪಾಕೀಟು, ಬಣ್ಣ, ಕಿರಾಣಿ ಅಂಗಡಿ. ಅವಳು ಸುಲಿಯುವುದನ್ನು ನಿಲ್ಲಿಸಿದಳು.

"ಚೀಟಿ ಓದಿದ್ದೇನ ದೊಡ್ಡವ್ವಾ?"

"ಓದಿದ್ದೆ."

ಹುಡುಗ ಸಿಪ್ಪೆಯನ್ನು ಬಾಯಿಗೆ ಹಾಕಿ ಹುಳಿಗೆ ಮುಖ ಕಿವುಚುತ್ತಿದ್ದ. ಅವನ ತುಟಿ ಒರೆಸಿ, ಎತ್ತಿ, ನನ್ನ ಕಡೆಯಿಂದ ಆಚೆಯ ತೊಡೆಯ ಮೇಲೆ ಕೂಡ್ರಿಸಿಕೊಂಡಳು. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ, "ಅಜ್ಜಿಗೂ ನೀನ ಹೇಳ" ಎಂದಳು. ಅತ್ತಿ ಬನ್ನಿಗಿಡದ ಕೆಳಗೆ ಬುತ್ತಿ ಕಟ್ಟುತ್ತಿದ್ದರು. ನಾನು ಉಡಿಯೊಳಗಿನ ಸಿಪ್ಪೆ ಝಾಡಿಸಿ ಎದ್ದೆ.