ಹೌದು ಅಥವಾ ಇಲ್ಲ

ತಮ್ಮ ಕೇಂದ್ರದ ಸಶಸ್ತ್ರ ಪಡೆಯೊಂದಕ್ಕೆ ಆಯ್ಕೆಯಾದ. ಓಟ, ಪರೀಕ್ಷೆ, ಮೆಡಿಕಲ್ ಎಲ್ಲ ಮುಗಿದ ಮೇಲೆ ಬಸವಕಲ್ಯಾಣದ ನಮ್ಮ ಮನೆಗೆ ಪೂರ್ವಾಪರ ಪರಿಶೀಲನೆಯ ಫಾರ್ಮ್ ಬಂತು. ಮೊದಲಿಗೇ ಎಚ್ಚರಿಕೆ: ಸುಳ್ಳು ಬರೆದರೆ, ನಿಜ ಮುಚ್ಚಿಟ್ಟರೆ ಅನರ್ಹ. ಒಳಗೆ ಪ್ರಶ್ನೆಗಳು. ನಿಮ್ಮನ್ನು ಎಂದಾದರೂ ಬಂಧಿಸಿದ್ದರೆ? ನಿಮ್ಮ ಮೇಲೆ ಮೊಕದ್ದಮೆ ನಡೆದಿತ್ತೆ? ಹೌದು ಅಥವಾ ಇಲ್ಲ.

ನಡೆದಿತ್ತು. ಅವನು ಹುಮನಾಬಾದಿನಲ್ಲಿ ಡಿಗ್ರಿ ಓದುತ್ತಿದ್ದಾಗ, ವೀರಭದ್ರೇಶ್ವರ ಜಾತ್ರೆ ಮುಗಿಸಿ ಊರಿಗೆ ಹೊರಟಿದ್ದೆವು. ಬಸ್ ಸ್ಟ್ಯಾಂಡಿನಲ್ಲಿ ಸೀಟಿಗಾಗಿ ಜಗಳವಾಯಿತು. ಮೊದಲು ಕೈ ಎತ್ತಿದವನು ನಾನು. ಪೊಲೀಸರು ಬರುವಷ್ಟರಲ್ಲಿ ನಾನು ಜನರ ನಡುವೆ ನುಸುಳಿಕೊಂಡಿದ್ದೆ, ಅವನು ನಿಂತೇ ಇದ್ದ. ಅಡ್ಡಗಟ್ಟಿ ಹೊಡೆದ ಆರೋಪ, ಐಪಿಸಿ 341 ಮತ್ತು 323. ಎಫ್‌ಐಆರ್‌ನಲ್ಲಿ ಅವನ ಹೆಸರಿತ್ತು, ನನ್ನದಿರಲಿಲ್ಲ. ಮುಂದೆ ಎರಡೂ ಕಡೆಯವರು ಕೋರ್ಟಿನಲ್ಲಿ ರಾಜಿಯಾದರು. ಕಾನೂನಿನ ಲೆಕ್ಕದಲ್ಲಿ ಅಂಥ ರಾಜಿ ಎಂದರೆ ಖುಲಾಸೆಯೇ. ಮನೆಯಲ್ಲಿ ಆ ಮಾತು ಅಲ್ಲಿಗೆ ನಿಂತಿತ್ತು.

"ಇಲ್ಲ ಅಂತ ಬರಿ ತಮ್ಮಾ. ಮುಗದ್ ಹೋದ ಕೇಸ್ ಯಾರ್ ನೋಡ್ತಾರ?" ಅಂದರು ಕಾಕಾ. ನೋಡುತ್ತಾರೆ. ಪರಿಶೀಲನೆ ಕೊನೆಗೆ ಪೊಲೀಸರ ಕೈಗೇ ಹೋಗುತ್ತದೆ, ಠಾಣೆಯ ದಾಖಲೆಗೆ ನಮ್ಮಂಥ ಮರೆವಿಲ್ಲ.

ಎರಡು ರಾತ್ರಿ ಕೂತು ಸುಪ್ರೀಂ ಕೋರ್ಟಿನ ತೀರ್ಪುಗಳನ್ನು ಓದಿದೆ. ದೆಹಲಿ ಪೊಲೀಸ್ ಇಲಾಖೆಯ ಹೆಡ್ ಕಾನ್‌ಸ್ಟೇಬಲ್ ಹುದ್ದೆಗೆ ಅರ್ಜಿ ಹಾಕಿದ್ದ ಹುಡುಗನೊಬ್ಬ ಇಂಥದ್ದೇ ರಾಜಿಯಾದ ಕೇಸನ್ನು ಮುಚ್ಚಿಟ್ಟಿದ್ದ. 2011ರಲ್ಲಿ ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಅವರಿದ್ದ ಪೀಠ ಅದನ್ನು ಹರೆಯದ ತಪ್ಪೆಂದು ಕ್ಷಮಿಸಿತು. ತೀರ್ಪಿನಲ್ಲಿ ವಿಕ್ಟರ್ ಹ್ಯೂಗೋನ ಜೀನ್ ವಾಲ್‌ಜೀನ್ ಕೂಡ ಬರುತ್ತಾನೆ, ಹಸಿದವರಿಗಾಗಿ ರೊಟ್ಟಿ ಕದ್ದು ಬದುಕಿಡೀ ಕಳ್ಳನೆನಿಸಿಕೊಂಡವನು. ಓದಿ ಕಣ್ಣು ತುಂಬಿತು. ನಾವು ರೊಟ್ಟಿಗಾಗಿ ಹೊಡೆದಾಡಿರಲಿಲ್ಲ ಎಂಬುದು ಬೇರೆ ಮಾತು. ಎರಡೇ ವರ್ಷಕ್ಕೆ, 2013ರಲ್ಲಿ, ಅದೇ ಇಲಾಖೆಯ ಇನ್ನೊಂದು ಪ್ರಕರಣದಲ್ಲಿ ಕೋರ್ಟು ಗಟ್ಟಿಯಾಯಿತು: ರಾಜಿಯಿಂದ ಬಿಡುಗಡೆಯಾದ ಮಾತ್ರಕ್ಕೆ ಪೊಲೀಸ್ ಕೆಲಸ ಕೊಡಬೇಕೆಂದಿಲ್ಲ. ಕೊನೆಗೆ 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳು ಗೊಂದಲ ಬಿಡಿಸಿದರು. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ತಪ್ಪನ್ನು ಮುಚ್ಚಿಟ್ಟಿದ್ದರೂ ಇಲಾಖೆ ಮನ್ನಿಸಬಹುದು. ನಿಜ ಹೇಳಿದವನ ಪೂರ್ವಾಪರವನ್ನೂ ಅದು ತೂಗಿ ನೋಡಬಹುದು, ನೇಮಿಸಿಕೊಳ್ಳಲೇಬೇಕೆಂಬ ಒತ್ತಾಯವಿಲ್ಲ.

ಅಂದರೆ "ಹೌದು" ಎಂದು ಬರೆದೂ ಅವನು ಕೆಲಸ ಕಳೆದುಕೊಳ್ಳಬಹುದು. ಇದನ್ನು ಅವನಿಗೆ ಹೇಳುವಾಗ ನನ್ನ ದನಿ ನೆಟ್ಟಗಿರಲಿಲ್ಲ.

ಅವನು ಸುಮ್ಮನೆ ಕೇಳಿದ. "ಅಣ್ಣಾ, ಜಗಳ ಯಾರ್ ಶುರು ಮಾಡ್ಯಾರ ಅಂತ ಕೇಳ್ಯಾರೇನು ಇದ್ರಾಗ?"

"ಇಲ್ಲ."

"ಹಂಗಾದ್ರ ಬಿಡು," ಎಂದು "ಹೌದು" ಎಂದು ಬರೆದ.

ಮರುದಿನ ತೀರ್ಪಿನ ದೃಢೀಕೃತ ನಕಲು ತರಲು ಇಬ್ಬರೂ ಹುಮನಾಬಾದಿನ ಕೋರ್ಟಿಗೆ ಹೋದೆವು. ಅರ್ಜಿಯಲ್ಲಿ ಆರೋಪಿಯ ಹೆಸರು ತುಂಬಬೇಕಿತ್ತು. ಪೆನ್ನು ನನ್ನ ಕೈಯಲ್ಲಿತ್ತು. ತಮ್ಮನ ಹೆಸರು ಬರೆದೆ.