ಮೇಲಕ್ಕೆ ಸ್ಕ್ರೋಲ್ ಮಾಡಿ

ಪೈಥಾನನ್ನ ಸೋರ್ಸ್‌ನಿಂದ ಕಂಪೈಲ್ ಮಾಡೋದು ಅಂದ್ರೆ, ಅಂಗಡಿಯಲ್ಲಿ ರೆಡಿ ಇಡ್ಲಿ ಹಿಟ್ಟು ಸಿಗುವಾಗ ಮನೆಯಲ್ಲೇ ಅಕ್ಕಿ ನೆನೆಹಾಕಿ ರುಬ್ಬಿದ ಹಾಗೆ. ಸಾಮಾನ್ಯವಾಗಿ ಯಾರಿಗೂ ಬೇಕಾಗಲ್ಲ. ಆದರೆ ನಮ್ಮ ಕ್ಲೈಂಟ್ ಒಬ್ಬರ ಸರ್ವರ್‌ನಲ್ಲಿ ಇದ್ದದ್ದು ಸೆಂಟ್‌ಓಎಸ್ 7, ಬೇಕಿದ್ದದ್ದು ಪೈಥಾನ್ 3.10. ರುಬ್ಬಲೇಬೇಕಿತ್ತು.

ಕೆಲಸ ಬಿದ್ದದ್ದು ಟೀಮಿಗೆ ಹೊಸದಾಗಿ ಸೇರಿದ ಹುಡುಗಿಯ ಪಾಲಿಗೆ. ಪ್ರೊಬೇಷನ್ ಮುಗಿಯೋಕೆ ಇನ್ನೆರಡು ವಾರ. ಎರಡನೇ ದಿನ ಸಂಜೆ ನನ್ನ ಹತ್ತಿರ ಬಂದಳು. "ಮೇಕ್ ಪೂರ್ತಿ ಓಡ್ತು, ಇನ್‌ಸ್ಟಾಲೂ ಆಯ್ತು ಮೇಡಂ. ಆದ್ರೆ ಪಿಪ್ ಏನನ್ನೂ ಡೌನ್‌ಲೋಡ್ ಮಾಡ್ತಿಲ್ಲ, ಎಸ್‌ಎಸ್‌ಎಲ್ ಮಾಡ್ಯೂಲ್ ಇಲ್ಲ ಅನ್ನುತ್ತೆ. ನಂಗೆ ಈ ಫೀಲ್ಡೇ ಆಗಿಬರಲ್ಲ ಅನ್ಸುತ್ತೆ."

ಇಂಥ ಎರರ್‌ಗಳಲ್ಲಿ ಒಂದು ವಿಶೇಷ ಇದೆ. ಕಾನ್ಫಿಗರ್ ಅನ್ನೋದು ಅಡುಗೆಗೆ ಮೊದಲು ಡಬ್ಬಿಗಳನ್ನೆಲ್ಲ ತೆಗೆದು ನೋಡೋ ಕೆಲಸ, ಮೇಕ್ ಅಂದ್ರೆ ಅಡುಗೆ. ಸಿ ಕಂಪೈಲರೇ ಇಲ್ಲದಿದ್ರೆ ಕಾನ್ಫಿಗರ್ ಅಲ್ಲೇ ನಿಂತುಬಿಡುತ್ತೆ. ಆದರೆ ಓಪನ್‌ಎಸ್‌ಎಸ್‌ಎಲ್, ರೀಡ್‌ಲೈನ್, ಬಿಜಿಪ್2 ಥರದ ಲೈಬ್ರರಿ ಇಲ್ಲದಿದ್ರೆ ಕೆಲಸ ನಿಲ್ಲಲ್ಲ. ಆ ಮಾಡ್ಯೂಲನ್ನು ಬಿಟ್ಟು ಉಳಿದದ್ದನ್ನು ಮುಗಿಸುತ್ತೆ. ಏನೇನು ಬಿಟ್ಟಿದ್ದೀನಿ ಅಂತ ಒಂದು ಸಣ್ಣ ಪಟ್ಟಿಯನ್ನೂ ಕೊಡುತ್ತೆ. ಅದರ ಮೇಲೆ ಇನ್‌ಸ್ಟಾಲ್‌ನ ರಾಶಿ ರಾಶಿ ಸಾಲುಗಳು ಬಂದು ಬೀಳುತ್ತವೆ. ನಾವು ಕೊನೆಯ ಸಾಲು ನೋಡಿ ಟೀ ಕುಡಿಯೋಕೆ ಹೋಗ್ತೀವಿ.

"ಮೇಲಕ್ಕೆ ಹೋಗು" ಅಂದೆ. ಹೋದಳು. ಪಟ್ಟಿ ಅಲ್ಲೇ ಇತ್ತು, ಕಾರಣವೂ ಇತ್ತು: ಓಪನ್‌ಎಸ್‌ಎಸ್‌ಎಲ್ 1.1.1 ಅಥವಾ ಅದಕ್ಕಿಂತ ಹೊಸದು ಬೇಕು. ಪೈಥಾನ್ 3.10ರಿಂದ ಆ ನಿಯಮ. ಸೆಂಟ್‌ಓಎಸ್ 7ರ ಜೊತೆ ಬಂದಿದ್ದದ್ದು 1.0.2.

ಆಮೇಲಿನದು ಬರೀ ತಾಳ್ಮೆ. 1.1.1 ಅನ್ನು ಬೇರೆ ಫೋಲ್ಡರ್‌ನಲ್ಲಿ ಹಾಕಿ, ಆ ದಾರಿಯನ್ನು ಕಾನ್ಫಿಗರ್‌ಗೆ ಹೇಳಿದ್ವಿ. ಓಡುವಾಗಲೂ ಲೈಬ್ರರಿ ಸಿಗಲಿ ಅಂತ ಆರ್‌ಪಾತ್ ಕೊಟ್ವಿ. ಹಳೇ ಬಿಲ್ಡ್ ಒರೆಸಿ ಹೊಸದಾಗಿ ಮೇಕ್. ಸರ್ವರ್‌ನಲ್ಲಿ ಮೊದಲೇ ಇದ್ದ ಪೈಥಾನಿಗೆ ತೊಂದರೆ ಆಗದ ಹಾಗೆ ಇನ್‌ಸ್ಟಾಲ್ ಬದಲು ಆಲ್ಟ್‌ಇನ್‌ಸ್ಟಾಲ್.

ಕಾಯುವಾಗ ಅವಳಿಗೆ ಹೇಳಿದ್ದು ಇಷ್ಟೇ. ಎರರ್‌ಗಳಲ್ಲಿ ಮೊದಲನೆಯದನ್ನು ಹುಡುಕು, ಉಳಿದವು ಹೆಚ್ಚಾಗಿ ಅದರ ಮಕ್ಕಳು. ಮೇಕ್ ಅನ್ನು ನಾಲ್ಕು ಕೋರ್‌ನಲ್ಲಿ ಓಡಿಸಿದ್ರೆ ಸಾಲುಗಳು ಕಲಸಿಹೋಗುತ್ತವೆ, ಒಂದರಲ್ಲೇ ಮತ್ತೆ ಓಡಿಸು. ಕಾನ್ಫಿಗರ್ ಕೈಕೊಟ್ಟರೆ ನಿಜವಾದ ಕಾರಣ ಕಾನ್ಫಿಗ್ ಲಾಗ್ ಫೈಲಿನಲ್ಲಿರುತ್ತೆ. ಮುಖ್ಯವಾಗಿ, ಅಲ್ಲಿ ಬರೆದಿರೋದು ಮೆಷೀನಿನಲ್ಲಿ ಏನಿಲ್ಲ ಅಂತ. ನಿನ್ನಲ್ಲಿ ಏನಿಲ್ಲ ಅಂತ ಅಲ್ಲ.

ಮೇಕ್ ಮುಗೀತು. ಎಸ್‌ಎಸ್‌ಎಲ್ ಇಂಪೋರ್ಟ್ ಮಾಡಿ ಎಂಟರ್ ಒತ್ತಿದಳು.

"ಏನೂ ಬರ್ಲಿಲ್ವಲ್ಲ ಮೇಡಂ?"

"ಏನೂ ಬರದಿದ್ರೇ ಸರಿ ಕಣೇ. ನಡಿ, ಲಾಸ್ಟ್ ಕ್ಯಾಬ್ ಹೊರಡುತ್ತೆ."