ಮಾಮನ ಹಳೇ ಕಂಪ್ಯೂಟರಿಗೆ ದನಿ ಬಂತು

ದಸರಾ ರಜೆಗೆ ನಾನು ತಿಪಟೂರಿಗೆ ಮಾಮನ ಮನೆಗೆ ಹೋಗಿದ್ದೆ. ಮಾಮ ರೇಡಿಯೋ, ಟಿ.ವಿ. ರಿಪೇರಿ ಮಾಡುತ್ತಾರೆ. ಅವರ ಅಂಗಡಿಯ ಅಟ್ಟದ ಮೇಲೆ ಒಂದು ಹಳೇ ಕಂಪ್ಯೂಟರ್ ಇದೆ. ಯಾವುದೋ ಟೈಪಿಂಗ್ ಶಾಲೆ ಮುಚ್ಚಿದಾಗ ತಂದಿದ್ದಂತೆ. ಅತ್ತೆಗೆ ಅದನ್ನು ಕಂಡರೆ ಆಗುವುದಿಲ್ಲ. "ಗುಜರಿಯವನು ಬಂದ್ರೆ ತೂಕಕ್ಕೆ ಹಾಕ್ತೀನಿ" ಅಂತ ದಿನಾ ಅಂತಾರೆ.

ಆ ಕಂಪ್ಯೂಟರಿಗೆ ದನಿ ಇರಲಿಲ್ಲ. ಆನ್ ಮಾಡಿದರೆ ಒಂದು ಸಲ ಬೀಪ್ ಅನ್ನುತ್ತಿತ್ತು, ಅಷ್ಟೇ. ಯಾಕೆ ಮಾಮ ಅಂತ ಕೇಳಿದೆ. 1981ರಲ್ಲಿ ಐ.ಬಿ.ಎಂ. ಕಂಪನಿ ಪಿ.ಸಿ. ತಂದಾಗ ಒಳಗೆ ಒಂದು ಪುಟ್ಟ ಸ್ಪೀಕರ್ ಮಾತ್ರ ಇತ್ತು, ಇದೂ ಅದೇ ಜಾತಿಯದು ಅಂದರು. 1982ರ ಕಮೋಡೋರ್ 64 ಎಂಬ ಕಂಪ್ಯೂಟರಿನಲ್ಲಿ ಸಿಡ್ ಅನ್ನೋ ಚಿಪ್ ಇತ್ತು. ಅದು ಒಟ್ಟಿಗೆ ಮೂರು ದನಿ ಹಾಡುತ್ತಿತ್ತು. 1987ರಲ್ಲಿ ಕೆನಡಾದ ಆಡ್‌ಲಿಬ್ ಕಾರ್ಡ್ ಬಂತು, ಅದಕ್ಕೆ ಒಂಬತ್ತು ದನಿ. 1989ರಲ್ಲಿ ಸಿಂಗಾಪುರದ ಕ್ರಿಯೇಟಿವ್ ಕಂಪನಿಯ ಸೌಂಡ್ ಬ್ಲಾಸ್ಟರ್ ಬಂತು. ಆ ಹಳೇ ಚಿಪ್ಪುಗಳನ್ನು ಈಗ ಯಾರೂ ತಯಾರಿಸುವುದಿಲ್ಲ. ಆದರೂ ಬೇರೆ ಬೇರೆ ದೇಶದ ಹವ್ಯಾಸಿಗಳು ಅಂಥ ಕಾರ್ಡುಗಳನ್ನು ಮನೆಯಲ್ಲಿ ಕೂತು ಹೊಸದಾಗಿ ಮಾಡುತ್ತಾರಂತೆ. ಮಾಡುವ ಮುಂಚೆ "ಎಷ್ಟು ಜನಕ್ಕೆ ಬೇಕು?" ಅಂತ ಕೇಳುತ್ತಾರೆ. ಬೇಕು ಬೇಕು ಅಂದವರು ದುಡ್ಡು ಕೇಳಿದಾಗ ಕಾಣುವುದೇ ಇಲ್ಲವಂತೆ! ನನಗೆ ನಗು ಬಂತು. ಆಮೇಲೆ ನನಗೂ ಅದೇ ಆಯಿತು, ಹೇಳ್ತೀನಿ.

ಮಾಮ ಹೇಳಿಕೊಟ್ಟಿದ್ದು ಎಲ್ಲಕ್ಕಿಂತ ಸುಲಭವಾದದ್ದು. 1980ರ ದಶಕದಲ್ಲಿ ಅಮೆರಿಕದ ಕೋವಾಕ್ಸ್ ಕಂಪನಿ, ಪ್ರಿಂಟರ್ ಸಿಕ್ಕಿಸುವ ಜಾಗಕ್ಕೆ ಸಿಕ್ಕಿಸುವ ಒಂದು ಪುಟ್ಟ ಪೆಟ್ಟಿಗೆ ಮಾರುತ್ತಿತ್ತು. ನಾವು ಅದೇ ತರದ್ದು ಮಾಡಿದೆವು. ಅದಕ್ಕೆ ಚಿಪ್ಪೇ ಬೇಡ, ಬರೀ ರೆಸಿಸ್ಟರ್ ಸಾಕು. ಪ್ರಿಂಟರ್ ಜಾಗದಲ್ಲಿ 25 ಪಿನ್ ಇವೆ. ಅದರಲ್ಲಿ 2ರಿಂದ 9ರವರೆಗೆ ಎಂಟು ಪಿನ್ನುಗಳಿಂದ ಕಂಪ್ಯೂಟರ್ ಅಂಕಿ ಕಳಿಸುತ್ತೆ. ನಮ್ಮಜ್ಜಿ ರಾಗಿ ಅಳೆಯುವ ಸೇರು, ಅಚ್ಚೇರು, ಪಾವು, ಅರೆಪಾವು, ಚಟಾಕು ಇದ್ದಾವಲ್ಲ, ಒಂದಕ್ಕಿಂತ ಇನ್ನೊಂದು ಅರ್ಧ, ಹಾಗೇ ಒಂದೊಂದು ಪಿನ್ನಿನ ಕರೆಂಟಿನ ಪಾಲು ಅದರ ಹಿಂದಿನದಕ್ಕಿಂತ ಅರ್ಧ ಆಗಬೇಕು. ಆಗ ಎಂಟು ಪಿನ್ನಿನಲ್ಲೇ 0ಯಿಂದ 255ರವರೆಗೆ 256 ಮೆಟ್ಟಿಲು ಸಿಗುತ್ತವೆ. ಅದನ್ನು ಬೇಗ ಬೇಗ ಹತ್ತಿ ಇಳಿಸಿದರೆ ಅದೇ ಶಬ್ದ.

10 ಕೆ ರೆಸಿಸ್ಟರ್ 7 ಒಂಟಿಯಾಗಿ, 20 ಕೆ 9 ಬೇಕು. 20 ಕೆ ಅಂಗಡಿಯಲ್ಲಿ ಇರಲಿಲ್ಲ. ಅದಕ್ಕೆ ಎರಡೆರಡು 10 ಕೆ ಒಂದರ ಹಿಂದೆ ಒಂದು ಸೇರಿಸಿದೆವು. ಒಟ್ಟು 25. ನಾನೇ ಸೋಲ್ಡರ್ ಮಾಡಿದೆ, ಬೆರಳು ಒಂದು ಸಲ ಸುಟ್ಟಿತು. ಅದರಿಂದ ಬಂದ ತಂತಿಯನ್ನು ಹಳೇ ಟೇಪ್ ರೆಕಾರ್ಡರಿನ ಆಂಪ್ಲಿಫೈಯರಿಗೆ ಕೊಟ್ಟೆವು. ಮಾಮ ಕ್ಯೂಬೇಸಿಕ್‌ನಲ್ಲಿ ಔಟ್ 888 ಅಂತ ಹಾಕಿ 0ಯಿಂದ 255ರವರೆಗೆ ಎಣಿಸುತ್ತಾ ಇರಲು ಹೇಳಿದರು. 888 ಅಂದರೆ ಆ ಪ್ರಿಂಟರ್ ಜಾಗದ ಮನೆ ನಂಬರ್ ಇದ್ದ ಹಾಗೆ.

ಗೊರ ಗೊರ ಅಂತು. ಗಂಟಲು ಕಟ್ಟಿದ ಕಪ್ಪೆ! ಮಾಮ ಬೈಯಲಿಲ್ಲ, "ಬಣ್ಣ ನೋಡು ಪುಟ್ಟಿ" ಅಂದರು. 10 ಕೆಗೆ ಕಂದು, ಕಪ್ಪು, ಕಿತ್ತಳೆ ಪಟ್ಟೆ ಇರಬೇಕು. ಸಂಜೆ ದೀಪದ ಬೆಳಕಿನಲ್ಲಿ ಒಂದು ಕಡೆ ಕಿತ್ತಳೆ ಅಂತ ಕೆಂಪು ಹಾಕಿಬಿಟ್ಟಿದ್ದೆ. ಅದು 1 ಕೆ. ಕಿತ್ತು ಬೇರೆ ಹಾಕಿದ ಮೇಲೆ ದನಿ ನುಣ್ಣಗಾಯಿತು, ಜೀರುಂಡೆ ಹಾಗೆ. ಎಂಟೆಂಟು ಹಾರಿಸಿ ಎಣಿಸು ಅಂದರೆ ದನಿ ಸಣ್ಣಗಾಗಿ ಸೊಳ್ಳೆ ಹಾಗೆ. ಅತ್ತೆ ಒಳಗಿಂದ ಬಂದು "ಏನದು?" ಅಂತ ನಿಂತು ಕೇಳಿದರು. ಆವತ್ತು ಗುಜರಿ ಮಾತು ಎತ್ತಲಿಲ್ಲ. ಮಾರನೇ ದಿನ ಎತ್ತಿದರು.

ಆಗ ಮಾಮ ಒಂದು ಮಾತು ಕೊಟ್ಟರು. ಹತ್ತು ಜನ ಮಕ್ಕಳು ಮಾಡ್ತೀವಿ ಅಂದರೆ ಕಂಪ್ಯೂಟರನ್ನು ನಮ್ಮ ಶಾಲೆಗೇ ತಂದುಕೊಡುತ್ತಾರೆ, ಶನಿವಾರ ಮಧ್ಯಾಹ್ನ ಬಂದು ಕಲಿಸುತ್ತಾರೆ. ಹತ್ತೇ ಯಾಕೆ ಅಂದರೆ, ಸಾಮಾನು ತರಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಬೇಕು. ಇಬ್ಬರಿಗೆ ಅಂದರೆ ಬಸ್ ಚಾರ್ಜೇ ಜಾಸ್ತಿ.

ನಾನು ತರಗತಿಯಲ್ಲಿ ಕೇಳಿದೆ. 28 ಜನರಲ್ಲಿ 17 ಕೈ ಎದ್ದವು. ಕೆಲವರು ಏನು ಕೇಳಿದರೂ ಕೈ ಎತ್ತುತ್ತಾರೆ. ತಲೆಗೆ 50 ರೂಪಾಯಿ ಅಂದೆ, 9 ಉಳಿಯಿತು. ಶನಿವಾರ ಮಧ್ಯಾಹ್ನ ಅಂದಾಗ ಕ್ರಿಕೆಟ್‌ನವರು ಜಾರಿಕೊಂಡರು. ಈಗ ನನ್ನನ್ನೂ ಸೇರಿಸಿ 6. ಒಬ್ಬ "ಹುಡುಗಿ ಸೋಲ್ಡರ್ ಮಾಡ್ತಾಳಾ?" ಅಂದ. ಸುಟ್ಟ ಬೆರಳು ತೋರಿಸಿದೆ. ಇನ್ನೊಬ್ಬಳು ಕೇಳಿದ್ದು ಸರಿಯಾದ ಪ್ರಶ್ನೆ: "ಫೋನಲ್ಲಿ ಎಲ್ಲಾ ಹಾಡೂ ಬರುತ್ತೆ, ಇದ್ಯಾಕೆ?" ಫೋನಿನಲ್ಲಿ ಹಾಡು ಎಲ್ಲಿಂದ ಬರುತ್ತೆ ಅಂತ ನನಗೆ ಕಾಣುವುದಿಲ್ಲ. ಇದರಲ್ಲಿ ಒಂದು ರೆಸಿಸ್ಟರ್ ಕಿತ್ತರೆ ದನಿ ಕೆಡುತ್ತೆ, ಹಾಕಿದರೆ ಸರಿಹೋಗುತ್ತೆ. ಅದು ನನಗೆ ಇಷ್ಟ. ಅವಳು ಇನ್ನೂ ಹೆಸರು ಕೊಟ್ಟಿಲ್ಲ, ಯೋಚನೆ ಮಾಡ್ತೀನಿ ಅಂದಿದ್ದಾಳೆ.

ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೂ ಪರವಾಗಿಲ್ಲ. ಪೆಟ್ಟಿಗೆ ನಿಮ್ಮದು, ಸರದಿಯಲ್ಲಿ ಶಾಲೆಯ ಕಂಪ್ಯೂಟರಿಗೆ ಸಿಕ್ಕಿಸಬಹುದು. ಹೆಡ್ ಮಾಸ್ಟರ್ ವಿಜ್ಞಾನದ ಕೋಣೆಯಲ್ಲಿ ಒಂದು ಮೂಲೆ ಕೊಡ್ತೀನಿ ಅಂದಿದ್ದಾರೆ. 5, 6ನೇ ತರಗತಿಯವರೂ ಸೇರಬಹುದು. ಈ ಪತ್ರಿಕೆಯ ಕೆಳಗೆ ಒಂದು ಹಾಳೆ, ದಾರ ಕಟ್ಟಿದ ಪೆನ್ಸಿಲ್ ಇಟ್ಟಿದ್ದೇನೆ. ನಿಜವಾಗಿ ಬರುವವರು ಮಾತ್ರ ಶುಕ್ರವಾರದೊಳಗೆ ಹೆಸರು ಬರೆಯಿರಿ. ಇನ್ನು ನಾಲ್ಕು ಬೇಕು. ಗುಜರಿಯವನು ಸೋಮವಾರ ಬರುತ್ತಾನಂತೆ.

– 7ನೇ ತರಗತಿ ವಿದ್ಯಾರ್ಥಿನಿ